ಫೋಟೋದಲ್ಲಿ ಕೇಳಿಸದ ಕಾರಂಜಿ

ಕೈತೋಟಕ್ಕೆ ನೀರಿನದ್ದು ಏನಾದ್ರೂ ಇಡೋಣ ಅಂತ ಹೊರಟವ್ರೆಲ್ಲ ಮೊದ್ಲು ಮಾಡೋ ಕೆಲಸ ಫೋಟೋ ನೋಡೋದು. ಫೋನ್‌ನಲ್ಲಿ ಒಂದಾದ ಮೇಲೊಂದು ಬರ್ತಾನೇ ಇರತ್ತೆ, ಮೂರು ಅಂತಸ್ತಿನ ಕಲ್ಲಿನ ಫೌಂಟನ್ನು, ಗೋಡೆಗೆ ಕೂರಿಸಿದ ಸಿಂಹದ ಬಾಯಿ, ಗಾಜಿನ ಮೇಲೆ ಜಾರೋ ನೀರಿನ ಪರದೆ, ಒಂದರ ಮೇಲೊಂದು ವಾಲಿಸಿಟ್ಟ ಮಡಕೆಗಳು. ಎಲ್ಲಾ ಚೆನ್ನಾಗೇ ಕಾಣತ್ತೆ. ಆದ್ರೆ ಫೋಟೋಗೆ ಶಬ್ದ ಇಲ್ವಲ್ಲ. ಮನೆಗೆ ತಂದು ಕೂರಿಸಿದ ಮೇಲೆ ಅದನ್ನ ದಿನಕ್ಕೆ ಎಷ್ಟು ಹೊತ್ತು ನೋಡ್ತೀವಿ ಹೇಳಿ, ಹೊಸದರಲ್ಲಿ ಒಂದಷ್ಟು ದಿನ ನೋಡ್ತೀವಿ, ಬಂದವರಿಗೆ ತೋರಿಸ್ತೀವಿ, ಆಮೇಲೆ ಕಣ್ಣಿಗೆ ಅಭ್ಯಾಸ ಆಗಿಬಿಡತ್ತೆ. ಕಿವಿಗೆ ಹಾಗಿಲ್ಲ. ಪಂಪು ಆನ್ ಇರೋವರೆಗೂ ಅಡುಗೆಮನೆಗೂ ಕೇಳತ್ತೆ, ಮಲಗೋ ಕೋಣೆಗೂ ಕೇಳತ್ತೆ, ಪಕ್ಕದ ಮನೆಗೂ ಕೇಳತ್ತೆ. ಹಾಗಾಗಿ ನನ್ನ ಪ್ರಕಾರ ಇದು ಕಿವಿಯಿಂದ ಆರಿಸ್ಬೇಕಾದ ವಸ್ತು, ಕಣ್ಣಿನ ಸರದಿ ಆಮೇಲೆ.

ನಮ್ಮಲ್ಲಿ ಪಂಪು ಹಾಕಿದ ಹೊಸದರಲ್ಲಿ ಪಕ್ಕದ ಮನೆ ಆಂಟಿ ಕಾಂಪೌಂಡ್ ಮೇಲಿಂದ ಇಣುಕಿ "ಏನ್ರೀ, ನಲ್ಲಿ ನಿಲ್ಸೋದು ಮರ್ತಿದೀರಾ, ಆವಾಗಿಂದ ಸುರೀತಾ ಇದೆ" ಅಂದ್ರು. ನಗು ಬಂತು, ಆದ್ರೆ ಅವರು ಹೇಳಿದ್ದು ನೂರಕ್ಕೆ ನೂರು ಸರಿ. ಸಣ್ಣ ಧಾರೆಯಾಗಿ ಆಳ ಇಲ್ಲದ ನೀರಿಗೆ ಬೀಳೋ ಫೌಂಟನ್ ಯಾವುದೇ ಇರಲಿ, ಎಷ್ಟೇ ದುಬಾರಿ ಇರಲಿ, ಕೇಳೋದು ನಲ್ಲಿ ಥರಾನೇ. ಕೂತವರಿಗೆ ನೆಮ್ಮದಿ ಕೊಡೋ ಬದ್ಲು ಎದ್ದು ಹೋಗಿ ಏನನ್ನೋ ಬಂದ್ ಮಾಡ್ಬೇಕು ಅನ್ನಿಸತ್ತೆ.

ನೀರು ಯಾಕೆ ಶಬ್ದ ಮಾಡತ್ತೆ ಅನ್ನೋದೇ ಒಂದು ಮಜವಾದ ವಿಷ್ಯ. ನೀರಿಗೆ ನೀರು ಬಡಿಯತ್ತೆ, ಸದ್ದು ಬರತ್ತೆ ಅಂತ ನಾವು ಅಂದ್ಕೊಂಡಿರ್ತೀವಿ, ಆದ್ರೆ ಆ ಬಡಿತದ ಪಾಲು ತುಂಬಾ ಕಮ್ಮಿಯಂತೆ. ಹನಿ ಬಿದ್ದ ಕಡೆ ಒಂದು ಗುಳಿ ಆಗತ್ತೆ, ಗುಳಿ ಮುಚ್ಕೊಳ್ಳುವಾಗ ಅದರ ತಳದಲ್ಲಿ ಪುಟಾಣಿ ಗಾಳಿಗುಳ್ಳೆ ಒಂದು ಸಿಕ್ಕಿಹಾಕ್ಕೊಳ್ಳತ್ತೆ, ಆ ಗುಳ್ಳೆ ಹಿಗ್ಗಿ ಕುಗ್ಗಿ ಮಾಡೋ ನಡುಕವೇ ನಮಗೆ ಕೇಳೋ 'ತೊಟ್'. ಮಾರ್ಸೆಲ್ ಮಿನ್ನಾರ್ಟ್ ಅನ್ನೋ ಖಗೋಳ ವಿಜ್ಞಾನಿ 1933ರಲ್ಲೇ ಗುಳ್ಳೆ ಗಾತ್ರಕ್ಕೂ ಸ್ವರಕ್ಕೂ ಇರೋ ಲೆಕ್ಕ ಬರೆದಿಟ್ಟಿದ್ದಾರೆ, 1 ಮಿಲಿಮೀಟರ್ ತ್ರಿಜ್ಯದ ಗುಳ್ಳೆ ಸೆಕೆಂಡಿಗೆ ಸುಮಾರು 3000 ಸಲ ನಡುಗಿದ್ರೆ 1 ಸೆಂಟಿಮೀಟರ್‌ನದ್ದು ಸುಮಾರು 300 ಸಲ, ಅಂದ್ರೆ ಗುಳ್ಳೆ ದೊಡ್ಡದಾದಷ್ಟೂ ಸ್ವರ ಕೆಳಗಿಳಿಯತ್ತೆ. 2018ರಲ್ಲಿ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದವರು ತೊಟ್ಟಿಕ್ಕೋ ನಲ್ಲಿಗೆ ಹೈ ಸ್ಪೀಡ್ ಕ್ಯಾಮೆರಾ ಇಟ್ಟು ನೋಡಿ, ಗುಳ್ಳೆಯದ್ದೇ ಕೆಲಸ ಅಂತ ಮತ್ತೆ ತೋರಿಸಿದ್ರು, ನೀರಿಗೆ ಚೂರು ಪಾತ್ರೆ ತೊಳೆಯೋ ಸೋಪು ಬೆರೆಸಿದ್ರೆ ಸದ್ದೇ ನಿಂತುಹೋಗತ್ತೆ ಅಂತಾನೂ ಹೇಳಿದ್ರು. (ಕೊಳಕ್ಕೆ ಮಾತ್ರ ಈ ಪ್ರಯೋಗ ಬೇಡ, ಮೀನಿದ್ರೆ ಸಾಯ್ತವೆ.)

ಇಷ್ಟು ಗೊತ್ತಾದ ಮೇಲೆ ಫೌಂಟನ್ನು ಒಂದು ಸಾಮಾನು ಅನ್ನಿಸೋದು ಬಿಟ್ಟು ಶ್ರುತಿ ಮಾಡೋ ವಾದ್ಯ ಅನ್ನಿಸೋಕೆ ಶುರುವಾಯ್ತು ನಂಗೆ. ನಮ್ಮ ತೊಟ್ಟಿಯಲ್ಲಿ ನೀರು ಒಂದು ಕಲ್ಲಿನ ತುಟಿಯಿಂದ ಇಳಿಯತ್ತೆ, ತುಟಿ ಅಂದ್ರೆ ಅಂಗೈ ಅಗಲ ಇರಬಹುದು. ಅದರ ಕೆಳಗೆ, ನೀರು ಬೀಳೋ ಜಾಗದಲ್ಲಿ, ಒಂದು ಚಪ್ಪಟೆ ಕಲ್ಲು ಇಟ್ಟೆ, ನೀರಿನ ಮಟ್ಟಕ್ಕಿಂತ ಒಂದು ಬೆರಳು ಮೇಲೆ. ಚಟಪಟ ಅಂತ ಎಲ್ಲಾ ಕಡೆ ಎರಚ್ತು, ಸುತ್ತ ನೆಲ ಒದ್ದೆ. ಅದೇ ಕಲ್ಲನ್ನ ಒಂದು ಬೆರಳು ಕೆಳಗೆ ಇಳಿಸಿ ನೀರಿನೊಳಗೆ ಮುಳುಗಿಸಿದ್ರೆ ಸದ್ದು ಮೆತ್ತಗಾಯ್ತು. ಕಲ್ಲನ್ನ ಪೂರ್ತಿ ತೆಗೆದು ಬೀಳೋ ಜಾಗದಲ್ಲಿ ಒಂದು ಗೇಣಿನಷ್ಟು ಆಳ ಬಿಟ್ರೆ, ಗಾಳಿ ಒಳಗೆ ಎಳ್ಕೊಂಡು ಹೋಗಿ ದಪ್ಪ ಗುಳ್ಳೆಗಳು ಎದ್ದು ಗುಳುಗುಳು ಅನ್ನೋ ಕೆಳಸ್ವರ. ತುಟಿಯ ಹಿಂದೆ ಕಲ್ಲುಗಳ ನಡುವೆ ಸ್ವಲ್ಪ ಟೊಳ್ಳು ಬಿಟ್ರಂತೂ ಆ ಸ್ವರ ಇನ್ನೂ ತುಂಬಿಕೊಂಡು ಬರತ್ತೆ. ಒಂದು ರೂಪಾಯಿ ಖರ್ಚಿಲ್ಲ, ಕಲ್ಲು ಎತ್ತಿಡೋದು, ಹಿಂದೆ ಹೋಗಿ ಕುರ್ಚಿ ಮೇಲೆ ಕೂತು ಕೇಳೋದು, ಮತ್ತೆ ಬಂದು ಎತ್ತಿಡೋದು, ಅಷ್ಟೇ. ತೊಟ್ಟಿ ಪಕ್ಕ ನಿಂತು ಕೇಳಿ ತೀರ್ಮಾನ ಮಾಡ್ಬೇಡಿ ಆಯ್ತಾ, ನೀವು ಯಾವಾಗ್ಲೂ ಎಲ್ಲಿ ಕೂರ್ತೀರೋ ಅಲ್ಲಿಂದ ಕೇಳಿ.

ರಸ್ತೆ ಸದ್ದು ತಡೆಯೋಕೆ ಅಂತ ಎಷ್ಟೋ ಜನ ಕಾರಂಜಿ ಹಾಕಿಸ್ತಾರೆ, ಹಾಕಿಸೋದು ಗೇಟಿನ ಹತ್ರ. ನೀರು ರಸ್ತೆ ಸದ್ದನ್ನ ತಡೆಯಲ್ಲ, ಅದರ ಮೇಲೆ ಇನ್ನೊಂದು ಸದ್ದು ಹೊದಿಸತ್ತೆ ಅಷ್ಟೇ, ಆದ್ರಿಂದ ಅದು ಇರಬೇಕಾದ್ದು ಕೂರೋರ ಮಗ್ಗುಲಲ್ಲಿ. ಹತ್ರ ಇದ್ರೆ ಸಣ್ಣ ಸದ್ದೇ ಸಾಕಾಗತ್ತೆ. ಗೇಟಿನ ಹತ್ರ ಇಟ್ಟು ಅಲ್ಲಿಂದ ಇಲ್ಲಿಗೆ ಕೇಳಿಸ್ಬೇಕು ಅಂತ ದೊಡ್ಡ ಪಂಪು ಹಾಕಿದ್ರೆ ರಸ್ತೆ ಸದ್ದಿನ ಜೊತೆ ಇದೂ ಒಂದು ಗಲಾಟೆ.

ಪಂಪಿನ ವಿಷ್ಯ ಬಂತು, ಹೇಳಿಬಿಡ್ತೀನಿ. ಡಬ್ಬದ ಮೇಲೆ ಎರಡು ನಂಬರ್ ಬರೆದಿರ್ತಾರೆ, ಗಂಟೆಗೆ 1000 ಲೀಟರ್, ಎತ್ತರ 1.5 ಮೀಟರ್ ಅಂತ ಇಟ್ಕೊಳ್ಳಿ. ಇದನ್ನ ಓದಿ ಒಂದೂವರೆ ಮೀಟರ್ ಎತ್ತರಕ್ಕೆ ಸಾವಿರ ಲೀಟರ್ ಹೋಗತ್ತೆ ಅಂದ್ಕೊಳ್ಳೋರೇ ಜಾಸ್ತಿ. ಆ ಸಾವಿರ ಲೀಟರ್ ಎತ್ತರವೇ ಇಲ್ಲದಾಗಿನ ಲೆಕ್ಕ, ಆ ಒಂದೂವರೆ ಮೀಟರ್ ಅಂದ್ರೆ ಅಲ್ಲಿಗೆ ಹೋಗೋಷ್ಟರಲ್ಲಿ ನೀರು ನಿಂತೇ ಹೋಗಿರತ್ತೆ. ನಡುವೆ ಎಲ್ಲಿ ಎಷ್ಟು ಬರತ್ತೆ ಅನ್ನೋದಕ್ಕೆ ಡಬ್ಬದ ಮಗ್ಗುಲಲ್ಲಿ ಒಂದು ಸಣ್ಣ ಗ್ರಾಫ್ ಇರತ್ತೆ, ಯಾರೂ ನೋಡದೇ ಇರೋ ಗ್ರಾಫು, ಅದನ್ನೇ ನೋಡ್ಬೇಕು. ಪೈಪು ಸಣ್ಣದಾದ್ರೆ, ತಿರುವು ಜಾಸ್ತಿ ಆದ್ರೆ ಇನ್ನೂ ಕಮ್ಮಿ. ಪರದೆ ಥರ ಇಳಿಯೋ ನೀರು ಬೇಕಿದ್ರೆ ತುಟಿಯ ಪ್ರತಿ ಸೆಂಟಿಮೀಟರ್ ಅಗಲಕ್ಕೆ ಗಂಟೆಗೆ ಸುಮಾರು 150 ಲೀಟರ್ ಅಂತ ಕೊಳ ಕಟ್ಟೋರ ಅಂದಾಜು, ಅಂದ್ರೆ ಬರೀ 30 ಸೆಂಟಿಮೀಟರ್ ಪರದೆಗೆ ನಾಲ್ಕೂವರೆ ಸಾವಿರ ಲೀಟರ್ ಆಗೋಯ್ತು. ಫೋಟೋದಲ್ಲಿ ನೋಡಿದ ಆ ಅಗಲವಾದ ಗಾಜಿನಂಥ ಪರದೆ ಮನೇಲಿ ಯಾಕೆ ಬರ್ತಿಲ್ಲ, ಯಾಕೆ ಮೂರು ಕಡೆ ಹರಿದು ಮೂರು ದಾರ ಆಗತ್ತೆ ಅನ್ನೋದಕ್ಕೆ ಉತ್ತರ ಇಲ್ಲೇ ಇದೆ. ಮೇಲಕ್ಕೆ ಚಿಮ್ಮೋ ಕಾರಂಜಿ ಆದ್ರೆ ತೊಟ್ಟಿ ಅಗಲದ ಅರ್ಧಕ್ಕಿಂತ ಎತ್ತರ ಹೋಗದಿದ್ರೆ ಒಳ್ಳೇದು, ಗಾಳಿ ಬೀಸಿದ್ರೆ ಅರ್ಧ ನೀರು ಹೊರಗೇ ಬೀಳತ್ತೆ, ಸಂಜೆ ಹೊತ್ತಿಗೆ ಪಂಪು ಒಣ ತೊಟ್ಟಿಯಲ್ಲಿ ಗೊರಗುಡ್ತಾ ಇರತ್ತೆ, ಒಣಗಿ ಓಡಿದ ಪಂಪು ಉಳಿಯಲ್ಲ.

ಕಮ್ಮಿ ನೀರಲ್ಲಿ ಜಾಸ್ತಿ ತೋರಿಸೋ ಉಪಾಯ ಹಳೇ ಕಾಲದವರಿಗೆ ಚೆನ್ನಾಗಿ ಗೊತ್ತಿತ್ತು. ಮೊಘಲರ ತೋಟಗಳಲ್ಲಿ ಚಾದರ್ ಅಂತ ಮಾಡ್ತಿದ್ರು, ಓರೆಯಾಗಿ ನಿಲ್ಲಿಸಿದ ಕಲ್ಲಿನ ಹಲಗೆ, ಅದರ ಮೈಮೇಲೆ ಮೀನಿನ ಹುರುಪೆ ಥರ ಕೆತ್ತನೆ. ತೆಳ್ಳಗೆ ನೀರು ಹರಿದ್ರೂ ಪ್ರತಿ ಕೆತ್ತನೆಗೂ ತಾಗಿ ಒಡೆದು ಬೆಳ್ಳಗೆ ನೊರೆಯಾಗಿ ಇಳಿಯತ್ತೆ, ಬೆಳಕು ಬಿದ್ರೆ ಇಡೀ ಹಲಗೆ ಮಿನುಗತ್ತೆ. ಶ್ರೀನಗರದ ಶಾಲಿಮಾರ್ ಬಾಗ್, ಜಹಾಂಗೀರ್ ಕಾಲದಲ್ಲಿ 1619ರಲ್ಲಿ ಶುರುವಾದದ್ದು, ಅಲ್ಲಿ ಜಲಪಾತದ ಹಿಂದೆ ಗೋಡೆಯಲ್ಲಿ ಸಾಲು ಸಾಲು ಗೂಡುಗಳಿವೆ, ಚೀನೀಖಾನಾ ಅಂತಾರೆ. ಆಗೆಲ್ಲ ಹಗಲಲ್ಲಿ ಆ ಗೂಡುಗಳಲ್ಲಿ ಹೂವಿನ ಪಾತ್ರೆ, ರಾತ್ರಿ ದೀಪ ಇಡ್ತಿದ್ರು, ಮುಂದೆ ನೀರಿನ ಪರದೆ. ಯೋಚ್ನೆ ಮಾಡಿ, ದೀಪ ನೀರಿನ ಹಿಂದೆ ಇದೆ, ನೀರಿಗೆ ಎದುರಾಗಿ ಫೋಕಸ್ ಲೈಟ್ ಬಿಟ್ಟಿಲ್ಲ. ನಾವು ಇವತ್ತು ನೀರಿನೊಳಗೆ ಬಣ್ಣ ಬದಲಾಯಿಸೋ ಎಲ್ಇಡಿ ಹಾಕಿ ಕೆಂಪು, ಹಸಿರು, ನೀಲಿ ಅಂತ ಕುಣಿಸ್ತೀವಲ್ಲ, ಅದನ್ನ ನೋಡಿದಾಗೆಲ್ಲ ನಂಗೆ ಆ ಗೂಡುಗಳ ನೆನಪಾಗತ್ತೆ. ಹಳದಿ ಬಣ್ಣದ ಒಂದೇ ಒಂದು ಸಣ್ಣ ಲೈಟು ನೀರಿನ ಹಿಂದೆ ಅಡಗಿಸಿಟ್ಟು ನೋಡಿ, ಬಲ್ಬು ಕಾಣ್ಬಾರ್ದು, ಆಮೇಲೆ ಹೇಳಿ.

ಇನ್ನು ಸದ್ದೇ ಮಾಡದ ನೀರು. ಇದಕ್ಕೆ ಬೆಲೆ ಕೊಡೋರು ಕಮ್ಮಿ, ಪಂಪೇ ಇಲ್ದಿದ್ರೆ ಅದೆಂಥ ಅಲಂಕಾರ ಅಂತ. ಸ್ಪೇನಿನ ಗ್ರಾನಾಡದಲ್ಲಿ ಹೆನೆರಲೀಫೆ ಅಂತ ಒಂದು ಅರಮನೆ ತೋಟ ಇದೆ, ಉದ್ದನೆ ಕಾಲುವೆ, ಎರಡೂ ಕಡೆಯಿಂದ ಕಮಾನಿನಂಗೆ ಚಿಮ್ಮೋ ನೀರು, ಪ್ರಪಂಚದಲ್ಲಿ ಜಾಸ್ತಿ ಫೋಟೋ ತೆಗೆಸ್ಕೊಂಡ ತೋಟಗಳಲ್ಲಿ ಅದೂ ಒಂದಿರಬೇಕು. ಆ ಚಿಮ್ಮೋ ಕಮಾನುಗಳನ್ನ ಸೇರಿಸಿದ್ದು ಎಷ್ಟೋ ಶತಮಾನ ಆದ್ಮೇಲೆ, ಮೂಲ ತೋಟದಲ್ಲಿ ಅವು ಇರ್ಲಿಲ್ಲ. ಕಟ್ಟಿದವರು ಕಾಲುವೆಯನ್ನ ಸುಮ್ನೆ ಬಿಟ್ಟಿದ್ರು.

ನಿಂತ ನೀರು ಕನ್ನಡಿ ಆಗ್ಬೇಕು ಅಂದ್ರೆ ತಳ ಕಪ್ಪಗಿರಬೇಕು. ತಿಳಿ ನೀಲಿ ಟೈಲ್ಸ್ ಹಾಕಿದ್ರೆ ಕಾಣೋದು ಟೈಲ್ಸೇ. ತಲೆ ಬಗ್ಗಿಸಿ ನೇರ ಕೆಳಗೆ ನೋಡಿದ್ರೆ ನೀರು ವಾಪಸ್ ಕಳಿಸೋದು ಬೆಳಕಿನ ನೂರರಲ್ಲಿ 2 ಪಾಲು ಅಷ್ಟೇ, ದೂರದಿಂದ ತಗ್ಗಿನಲ್ಲಿ ಕೂತು ನೋಡಿದಷ್ಟೂ ಅದು ಏರ್ತಾ ಹೋಗತ್ತೆ, ಅದಕ್ಕೇ ಬಾನಿಯ ಪಕ್ಕ ನಿಂತವರಿಗೆ ತಳ ಕಾಣತ್ತೆ, ನಾಲ್ಕು ಹೆಜ್ಜೆ ಆಚೆ ಮೋಡ ಕಾಣತ್ತೆ. ನೀರು ಅಂಚಿನವರೆಗೂ ತುಂಬಿರಬೇಕು, ಒಂದು ಮೊಳ ಕೆಳಗಿದ್ರೆ ಕನ್ನಡಿಗಿಂತ ಜಾಸ್ತಿ ಬಾನಿಯ ಒಳಗೋಡೆ ಕಾಣತ್ತೆ, ಅದರ ಮೇಲೆ ಪಾಚಿ ಗೆರೆ, ಉಪ್ಪಿನ ಬಿಳಿ ಗೆರೆ. ಆಮೇಲೆ ಮುಖ್ಯವಾದದ್ದು, ಕನ್ನಡಿಯಲ್ಲಿ ಏನು ಕಾಣತ್ತೆ ಅಂತ ಮೊದ್ಲೇ ನೋಡ್ಕೊಳ್ಳಿ. ಬಾನಿ ಇಡೋ ಮುಂಚೆ ಆ ಜಾಗದಲ್ಲಿ ಒಂದು ಹಳೇ ಕನ್ನಡಿ ಮಲಗಿಸಿ ಕುರ್ಚಿ ಮೇಲೆ ಕೂತು ನೋಡಿದ್ರೆ ಆಯ್ತು, ಮರದ ಕೊಂಬೆ ಬರತ್ತಾ, ಸಿಂಟೆಕ್ಸ್ ಟ್ಯಾಂಕ್ ಬರತ್ತಾ ಅಂತ ಗೊತ್ತಾಗತ್ತೆ.

ನಿಂತ ನೀರು ಅಂದ ತಕ್ಷಣ ಎಲ್ಲರೂ ಕೇಳೋದು ಸೊಳ್ಳೆ. ನ್ಯಾಯವಾದ ಪ್ರಶ್ನೆ. ಡೆಂಗಿ ಹರಡೋ ಈಡಿಸ್ ಸೊಳ್ಳೆ ಬೆಚ್ಚಗಿನ ಹವೆಯಲ್ಲಿ ಮೊಟ್ಟೆಯಿಂದ ರೆಕ್ಕೆ ಬರೋವರೆಗೆ ತಗೊಳ್ಳೋದು 7ರಿಂದ 10 ದಿನ, ಅದಕ್ಕೇ ವಾರಕ್ಕೊಮ್ಮೆ ನೀರು ಚೆಲ್ಲಿ ಅನ್ನೋದು. ಆದ್ರೆ ಬರೀ ಚೆಲ್ಲಿದ್ರೆ ಸಾಲಲ್ಲ, ಅದು ಮೊಟ್ಟೆ ಇಡೋದು ನೀರಿನ ಮೇಲಲ್ಲ, ನೀರಿನ ಮಟ್ಟದ ಸ್ವಲ್ಪ ಮೇಲೆ ಪಾತ್ರೆ ಗೋಡೆಗೆ ಅಂಟಿಸತ್ತೆ, ಆ ಮೊಟ್ಟೆ ತಿಂಗಳುಗಟ್ಟಲೆ ಒಣಗಿದ್ರೂ ಸಾಯಲ್ಲ, ಮತ್ತೆ ನೀರು ತುಂಬಿದಾಗ ಒಡೆಯತ್ತೆ. ಆದ್ರಿಂದ ಒಳಗೋಡೆನ ಬ್ರಷ್ ಹಾಕಿ ಉಜ್ಜಲೇಬೇಕು. ದೊಡ್ಡ ಬಾನಿ ಆದ್ರೆ ವಾರ ವಾರ ಚೆಲ್ಲೋಕಾಗಲ್ಲ, ಅಲ್ಲಿ ಮೀನು ಬಿಡ್ಬೇಕು, ಗಪ್ಪಿ ಆದ್ರೂ ಸರಿ ಬೇರೆ ಸಣ್ಣ ಮೀನಾದ್ರೂ ಸರಿ, ಲಾರ್ವಾ ಕಂಡ್ರೆ ಬಿಡಲ್ಲ. ಮೀನು ಬೇಡ ಅನ್ನೋರಿಗೆ ಬಿಟಿಐ ಅಂತ ಬ್ಯಾಕ್ಟೀರಿಯಾದ ಬಿಲ್ಲೆ ಇದೆ, ಸೊಳ್ಳೆ ಮರಿ ಕೊಲ್ಲತ್ತೆ, ಹಕ್ಕಿಗೆ ಮೀನಿಗೆ ಏನೂ ಮಾಡಲ್ಲ. ಒಂದು ಮಾತು, ಹೆಚ್ಚಾದ ಮೀನನ್ನ ಕೆರೆಗೋ ಹಳ್ಳಕ್ಕೋ ಬಿಟ್ಟು ಪುಣ್ಯ ಬಂತು ಅಂದ್ಕೊಳ್ಬೇಡಿ. ಸೊಳ್ಳೆ ನಿಯಂತ್ರಣಕ್ಕೆ ಅಂತ ಊರೂರಿಗೆ ಬಿಟ್ಟ ಗಾಂಬೂಸಿಯಾ ಮೀನು ಇವತ್ತು ಪ್ರಪಂಚದ 100 ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿದೆ, ಅಲ್ಲಿನ ಸ್ಥಳೀಯ ಮೀನು, ಕಪ್ಪೆ ಮರಿಗಳನ್ನೇ ತಿಂದು ಹಾಕಿದೆ.

ನೈದಿಲೆ ಮತ್ತೆ ಕಾರಂಜಿ ಎರಡೂ ಒಂದೇ ತೊಟ್ಟಿಯಲ್ಲಿ ಬೇಕು ಅನ್ನೋರಿಗೆ ಬೇಜಾರಾಗೋ ಸುದ್ದಿ, ನೈದಿಲೆಗೆ ಎಲೆ ಮೇಲೆ ನೀರು ಎರಚೋದು ಆಗಿಬರಲ್ಲ. ಅದು ನಿಂತ ನೀರಿನ ಗಿಡ, ದಿನಾ ನೀರು ಕುಟ್ಟಿದ್ರೆ ಎಲೆ ಕೊಳೆಯತ್ತೆ, ಹೂವೂ ಕಮ್ಮಿ. ಒಂದೋ ಜಾಗ ಬೇರೆ ಮಾಡಿ, ಇಲ್ಲಾ ಒಂದನ್ನ ಬಿಡಿ. ನೀರು ಹಸಿರಾಗೋದು ಬಿಸಿಲು ಮತ್ತು ಗೊಬ್ಬರದ ಅಂಶ ಎರಡೂ ಸೇರಿದಾಗ, ಮೇಲ್ಮೈಯಲ್ಲಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಎಲೆ ಹರಡಿದ್ರೆ, ಮೀನಿಗೆ ಹಾಕೋ ಆಹಾರ ಕಮ್ಮಿ ಮಾಡಿದ್ರೆ ತಾನಾಗಿ ತಿಳಿಯಾಗತ್ತೆ. ಹಸಿರು ಕಂಡ ತಕ್ಷಣ ನೀರು ಪೂರ್ತಿ ಬದಲಾಯಿಸೋ ಚಟ ಇರತ್ತೆ ನೋಡಿ, ಅದರಿಂದ ಎಲ್ಲಾ ಮೊದಲಿಂದ ಶುರು ಆಗತ್ತೆ, ಹೊಸ ನೀರು ಮತ್ತೆ ಹಸಿರಾಗತ್ತೆ.

ಹಕ್ಕಿಗಳಿಗೆ ಇಡೋ ಬಟ್ಟಲು ಬೇರೆ ಕಥೆ. ಅಂಗಡಿಯಲ್ಲಿ ಸಿಗೋದೆಲ್ಲ ಆಳ, ನುಣುಪು, ಹೊಳಪು. ಹಕ್ಕಿಗೆ ಬೇಕಿರೋದು ಎರಡೂವರೆಯಿಂದ 5 ಸೆಂಟಿಮೀಟರ್ ನೀರು, ಕಾಲು ಜಾರದ ಒರಟು ತಳ. ಇರೋ ಬಟ್ಟಲಿಗೆ ನಾಲ್ಕು ಉರುಟು ಕಲ್ಲು ಹಾಕಿದ್ರೆ ಸರಿ ಹೋಗತ್ತೆ.

ಈಗ ಆಕ್ಸೆಸರೀಸ್. ಇಲ್ಲಿ ನಾನು ಸ್ವಲ್ಪ ಜಿಪುಣ. ಗಿಡಗಳು ಬಾಡಿ ನಿಂತಿರೋ ತೋಟದಲ್ಲಿ ಬಾತುಕೋಳಿ, ಮೊಲ, ಅಣಬೆ, ಗಾಳಿಗೆ ತಿರುಗೋ ಚಕ್ರ, ಬಣ್ಣದ ಕಲ್ಲು ಎಲ್ಲಾ ಇರತ್ತೆ, ಹೊಟ್ಟೆಗೆ ಹಿಟ್ಟಿಲ್ದಿದ್ರೂ ಜುಟ್ಟಿಗೆ ಮಲ್ಲಿಗೆ. ಹಾಗಂತ ಗೊಂಬೆ ಇಡೋರನ್ನ ಆಡ್ಕೊಳ್ಳೋರ ಗುಂಪಿಗೂ ನಾನು ಸೇರಿದವನಲ್ಲ. ಇಂಗ್ಲೆಂಡಿನಲ್ಲಿ ಕೆಂಪು ಟೋಪಿ ಕುಳ್ಳರ ಗೊಂಬೆ, ಅದೇ ಗಾರ್ಡನ್ ನೋಮ್, ಮೊದ್ಲು ತಂದು ಇಟ್ಟದ್ದು ಶ್ರೀಮಂತರೇ, ಚಾರ್ಲ್ಸ್ ಐಶಮ್ ಅನ್ನೋರು 1840ರ ದಶಕದಲ್ಲಿ ಜರ್ಮನಿಯಿಂದ ಮಣ್ಣಿನ ಗೊಂಬೆ ತರಿಸಿ ತಮ್ಮ ಲ್ಯಾಂಪೋರ್ಟ್ ಹಾಲ್ ಬಂಗಲೆಯ ಕಲ್ಲುತೋಟದಲ್ಲಿ ಕೂರಿಸಿದ್ರು, ಅದರಲ್ಲಿ ಒಂದು ಮಾತ್ರ ಉಳಿದಿದೆ, ಲ್ಯಾಂಪಿ ಅಂತಾರೆ ಅದನ್ನ. ಆಮೇಲೆ ಅದು ಎಲ್ಲರ ಮನೆ ಮುಂದೂ ಬಂದ ಮೇಲೆ ಕೀಳು ಅಭಿರುಚಿ ಅನ್ನಿಸ್ಕೊಳ್ತು, ಲಂಡನ್ನಿನ ದೊಡ್ಡ ಹೂವಿನ ಪ್ರದರ್ಶನ ಚೆಲ್ಸಿ ಫ್ಲವರ್ ಶೋದಲ್ಲಿ ನೋಮ್‌ಗೆ ನಿಷೇಧ ಹಾಕಿದ್ರು, 2013ರಲ್ಲಿ ಶೋಗೆ ನೂರು ವರ್ಷ ಆಯ್ತು ಅಂತ ಆ ವರ್ಷ ಒಳಗೆ ಬಿಟ್ರು. ಗೊಂಬೆ ಅದೇ, ಇಟ್ಟವರು ಯಾರು ಅನ್ನೋದರ ಮೇಲೆ ಅಭಿರುಚಿ ಬದಲಾಯ್ತು. ಆದ್ರಿಂದ ಯಾವ ಗೊಂಬೆ ಅನ್ನೋದಕ್ಕೆ ನಾನು ತಕರಾರು ಮಾಡಲ್ಲ, ಎಷ್ಟು ಅನ್ನೋದಕ್ಕೆ ಮಾಡ್ತೀನಿ. ಒಂದು ಕುರ್ಚಿಯಿಂದ ಕಾಣೋ ಜಾಗದಲ್ಲಿ ಒಂದೇ ವಸ್ತು. ನೀರಿದ್ರೆ ನೀರೇ ಆ ವಸ್ತು, ಅಲ್ಲಿ ಮತ್ತೆ ಗೊಂಬೆ ಬೇಡ, ವಿಂಡ್ ಚೈಮ್ ಅಂತೂ ಬೇಡವೇ ಬೇಡ. ಇಷ್ಟೆಲ್ಲ ಕಲ್ಲು ಎತ್ತಿಟ್ಟು ಕೂರಿಸಿದ ಸದ್ದಿನ ಮೇಲೆ ಅಲ್ಯೂಮಿನಿಯಂ ಕೊಳವೆ ಕಿಣಿಕಿಣಿ ಅಂದ್ರೆ ಹೇಗಿರತ್ತೆ ಹೇಳಿ.

ಯಾವುದರಲ್ಲಿ ಮಾಡಿದ್ದು ಅನ್ನೋದನ್ನ ಮಾತ್ರ ಕೇಳಿ ತಗೊಳ್ಳಿ. ಹೊಸ ಸಿಮೆಂಟಿನ ತೊಟ್ಟಿ, ಗೊಂಬೆ ನೀರಲ್ಲಿದ್ರೆ ಸುಣ್ಣ ಬಿಡ್ತಾ ಇರತ್ತೆ, ನೀರಿನ ಕ್ಷಾರ ಏರಿ ಮೀನು ಸಾಯ್ತವೆ, ನೀರು ತುಂಬಿ ಚೆಲ್ಲಿ ತುಂಬಿ ಚೆಲ್ಲಿ ಮಾಡಿ ಆಮೇಲೆ ಜೀವ ಬಿಡ್ಬೇಕು. ತಾಮ್ರದ ಪಾತ್ರೆ, ತಾಮ್ರದ ಕೊಳವೆ ನೋಡೋಕೆ ಚಂದ, ಹಸಿರು ಕಿಲುಬು ಹಿಡಿದ್ಮೇಲೆ ಇನ್ನೂ ಚಂದ, ಆದ್ರೆ ಮೀನಿಗೂ ಬಸವನಹುಳಕ್ಕೂ ಅದು ವಿಷ. ಬಣ್ಣ ಬಳಿದ ಫೈಬರ್ ಗೊಂಬೆ ಬಿಸಿಲಿಗೆ ಬೇಗ ಮಾಸತ್ತೆ, ಮಾಸಿದ್ದು ಹಳೇದು ಅನ್ನಿಸಲ್ಲ, ಕೊಳಕು ಅನ್ನಿಸತ್ತೆ. ಕಲ್ಲು, ಸುಟ್ಟ ಮಣ್ಣು ಹಾಗಲ್ಲ, ಪಾಚಿ ಕಟ್ಟಿದಷ್ಟೂ ಅವಕ್ಕೆ ಕಳೆ ಬರತ್ತೆ. ನೀರು ಹೆಪ್ಪುಗಟ್ಟೋ ಚಳಿ ಇರೋ ಕಡೆ ಮಣ್ಣಿನದ್ದು ಬಿರುಕು ಬಿಡತ್ತೆ, ಅಲ್ಲಿ ಒಳಗಿಡ್ಬೇಕು.

ಕರೆಂಟಿನ ವಿಷ್ಯದಲ್ಲಿ ಧೈರ್ಯ ತೋರಿಸ್ಬೇಡಿ, 12 ಅಥವಾ 24 ವೋಲ್ಟ್‌ನ ಪಂಪು ಸಿಗತ್ತೆ, ಅದೇ ತಗೊಳ್ಳಿ, ಮೇನ್ ಕರೆಂಟಿನದ್ದಾದ್ರೆ 30 ಮಿಲಿ ಆಂಪಿಯರ್ ಕರೆಂಟ್ ಸೋರಿದ್ರೆ ಟ್ರಿಪ್ ಆಗೋ ಬ್ರೇಕರ್ ಇಲ್ಲದೆ ಹಾಕಿಸ್ಬೇಡಿ, ಕೈ ಹಾಕೋ ಮುಂಚೆ ಪ್ಲಗ್ ಕೀಳಿ. ತೆವಳೋ, ತಪ್ಪು ಹೆಜ್ಜೆ ಇಡೋ ಮಕ್ಕಳಿದ್ರೆ ಎರಡು ಇಂಚು ನೀರೂ ಅಪಾಯ. ಅಂಥ ಮನೆಗೆ ತೊಟ್ಟಿ ನೆಲದೊಳಗೆ ಹೂತು, ಮೇಲೆ ಗಟ್ಟಿ ಜಾಲರಿ, ಅದರ ಮೇಲೆ ಉರುಟು ಕಲ್ಲು ಹರಡಿ, ನಡುವೆ ತೂತು ಕೊರೆದ ಬಂಡೆಯಿಂದ ನೀರು ಉಕ್ಕೋ ಹಾಗೆ ಮಾಡಿಸ್ಬಹುದು. ನೀರು ಉಕ್ಕತ್ತೆ, ಕಲ್ಲು ತೋಯಿಸತ್ತೆ, ಕೆಳಗೆ ಇಳಿದು ಮಾಯ. ನೋಡಿದ್ರೆ ನಿಂತ ನೀರು ಎಲ್ಲೂ ಇಲ್ಲ.

ನನ್ನ ಮುಂದಿನ ಆಸೆ ಮಾತ್ರ ಇದ್ಯಾವುದೂ ಅಲ್ಲ. ಜಪಾನಿನಲ್ಲಿ ಸುಯ್ಕಿನ್‌ಕುತ್ಸು ಅಂತ ಒಂದಿದೆ, ಅದರಲ್ಲಿ ಕಣ್ಣಿಗೆ ಕಾಣೋಕೆ ಏನೂ ಇಲ್ಲ. ದೊಡ್ಡ ಮಡಕೆಯ ತಳಕ್ಕೆ ತೂತು ಮಾಡಿ, ಬೋರಲು ಹಾಕಿ ಮಣ್ಣಿನಲ್ಲಿ ಹೂಳ್ತಾರೆ, ಮೇಲೆ ಕಲ್ಲು ಹರಡ್ತಾರೆ. ಕೈ ತೊಳೆದ ನೀರು ಕಲ್ಲುಗಳ ನಡುವೆ ಇಳಿದು, ತೂತಿನಿಂದ ಹನಿಹನಿಯಾಗಿ ಒಳಗೆ ನಿಂತ ಸ್ವಲ್ಪ ನೀರಿಗೆ ಬೀಳತ್ತೆ, ಆ ಟೊಳ್ಳಿನಲ್ಲಿ ಸದ್ದು ಮೊಳಗಿ ಗಂಟೆ ನಾದದಂತೆ ಮೇಲೆ ಬರತ್ತೆ. ಮನೆಯವಳಿಗೆ ಹೇಳಿದ್ರೆ "ಕಾಣದೇ ಇರೋದಕ್ಕೆ ಗುಂಡಿ ಯಾಕ್ರೀ ತೋಡ್ತೀರಾ" ಅಂದ್ಲು, ಬೇಡ ಅಂತ ಮಾತ್ರ ಅಂದಿಲ್ಲ. ಕಷ್ಟ ಇರೋದು ಎರಡು ಕಡೆ. ಒಳಗೆ ನಿಲ್ಲೋ ನೀರಿನ ಮಟ್ಟ ಏರಬಾರ್ದು, ಅದಕ್ಕೆ ಸರಿಯಾದ ಎತ್ತರದಲ್ಲಿ ಹೊರಹೋಗೋ ಪೈಪು ಬೇಕು, ಮಳೆ ನೀರು ನುಗ್ಗಿ ಮಡಕೆ ತುಂಬಿದ್ರೆ ಸದ್ದು ಸತ್ತಂಗೆ. ಇನ್ನೊಂದು ತೂತಿನ ಅಂಚು, ಹನಿ ಅಲ್ಲೇ ಹಿಡ್ಕೊಂಡು ದಪ್ಪ ಆಗಿ ಬೀಳ್ಬೇಕು, ಒಳಗೋಡೆ ಹಿಡ್ಕೊಂಡು ಜಾರಿ ಹೋಗ್ಬಾರ್ದು. ಮಡಕೆ ಹೂತ ಮೇಲೆ ಇವೆರಡನ್ನೂ ತಿದ್ದೋಕಾಗಲ್ಲ, ಅದಕ್ಕೇ ಮೊದ್ಲು ಎರಡು ಸಾಲು ಇಟ್ಟಿಗೆ ಮೇಲೆ ಬೋರಲು ಹಾಕಿ, ಕೆಳಗೆ ತಟ್ಟೆಯಲ್ಲಿ ನೀರಿಟ್ಟು, ಮಗ್ನಿಂದ ಹನಿ ಬಿಟ್ಟು ಕೇಳಿ ನೋಡೋದು ಅಂತಿದೀನಿ.